ಮುಚ್ಚಳ ಬಿಟ್ಟು ತಳ ನೋಡಿ

ನಂಜನಗೂಡಿನ ನಮ್ಮ ಅಜ್ಜಿಯ ಮನೆಯ ನಡುಮನೆಯಲ್ಲಿ, ಗೋಡೆಗೂಡಿನೊಳಗೆ, ಒಂದು ಪಿಂಗಾಣಿ ಡಬ್ಬಿ ಇತ್ತು. ಅಂಗೈ ಮೇಲೆ ಕೂರುವಷ್ಟೇ ಗಾತ್ರ. ಕೆಳಗಿನ ಅರ್ಧ ಡ್ರಾಯರುಗಳಿರುವ ಪುಟ್ಟ ಮೇಜಿನ ಹಾಗೆ. ಮುಚ್ಚಳದ ಮೇಲೆ ಕನ್ನಡಿಯ ಚೌಕಟ್ಟು, ಅದರ ಮುಂದೆ ಕಡಲೆಕಾಳು ಗಾತ್ರದ ಹೂಜಿ, ಒಂದು ಗಡಿಯಾರ, ಮಡಿಸಿಟ್ಟ ಒಂದು ಜೊತೆ ಕೈಗವಸು. ಎಲ್ಲವೂ ಪಿಂಗಾಣಿಯವೇ. ಅಂಚಿನ ಚಿನ್ನದ ಗೆರೆ ಬೆರಳು ತಾಗುವ ಕಡೆಯೆಲ್ಲ ಸವೆದು ಕಂದು ನೆರಳಾಗಿತ್ತು. ಅದರೊಳಗೆ ಅಜ್ಜಿ ಮೂಗುಬೊಟ್ಟಿನ ತಿರುಪು, ಜೊತೆ ಕಳೆದುಕೊಂಡ ಓಲೆ, ಸರದಿಂದ ಕಳಚಿದ ತಾಳಿ ಗುಂಡು, ಎರಡು ಹವಳ ಇಡುತ್ತಿದ್ದರು. "ಅರಮನೇದು ಕಣೇ ಅದು, ಮುಟ್ಟಬೇಡ" ಎನ್ನುತ್ತಿದ್ದರು. ನಮಗೆ ಸಿಕ್ಕ ವಿವರಣೆ ಅಷ್ಟೇ.

ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಡಬ್ಬಿ ಬಂತು. ಅರಮನೆಯ ಮಾತೂ ಜೊತೆಗೇ ಬಂತು. ಮೈಸೂರು ಸೀಮೆಯ ಹಳೆಯ ಮನೆಗಳಲ್ಲಿ ಯಾವ ಚೆಂದದ ವಸ್ತುವನ್ನು ಕೇಳಿದರೂ ಮೊದಲು ಬರುವ ಉತ್ತರ ಇದೇ. ಗಂಧದ ಪೆಟ್ಟಿಗೆ ಅರಮನೆಯದು, ಬೆಳ್ಳಿ ಪನ್ನೀರುದಾನಿ ಅರಮನೆಯದು, ಒಡೆದ ತಟ್ಟೆಯೂ ಅರಮನೆಯದು. ನನಗೆ ಆ ಮಾತನ್ನು ಅಲ್ಲಗಳೆಯುವ ಆಸೆಯೇನೂ ಇರಲಿಲ್ಲ. ಆದರೆ ಅಜ್ಜಿ ಹೋದ ಮೇಲೆ, ಈ ಡಬ್ಬಿ ನಿಜವಾಗಿ ಎಲ್ಲಿ ಹುಟ್ಟಿತು, ಯಾರ ಕೈಯಿಂದ ನಮ್ಮ ಊರಿಗೆ ಬಂತು ಎಂದು ತಿಳಿಯಬೇಕು ಅನ್ನಿಸಿತು. ಡಬ್ಬಿಯನ್ನು ತಲೆಕೆಳಗು ಮಾಡಿದ್ದು ಆಗಲೇ, ಜೀವಮಾನದಲ್ಲಿ ಮೊದಲ ಸಲ.

ತಳಕ್ಕೆ ಮೆರುಗು ಇರಲಿಲ್ಲ. ಒರಟು ಬಿಳಿ, ಅದರ ತಗ್ಗುಗಳಲ್ಲೆಲ್ಲ ಹತ್ತಾರು ವರ್ಷಗಳ ಕುಂಕುಮ ಕೂತಿತ್ತು. ಒದ್ದೆ ಹತ್ತಿಯಿಂದ ಮೆಲ್ಲಗೆ ಒತ್ತಿ ತೆಗೆದೆ. ಎಲ್ಲ ಹೋಗಲಿಲ್ಲ, ಹೋಗದಿದ್ದದ್ದೇ ಒಳ್ಳೆಯದಾಯಿತು. ಉಳಿದ ಕೆಂಪು ಒಂದು ಗುರುತನ್ನು ಎತ್ತಿ ತೋರಿಸಿತು. ಉಗುರಿನಷ್ಟು ದೊಡ್ಡ ಗುರಾಣಿ, ಅದರೊಳಗೆ ಮಡಿಸಿದ ತೋಳು, ತೋಳಿನ ಕೈಯಲ್ಲಿ ಕಠಾರಿ. ಬಣ್ಣದಲ್ಲಿ ಬರೆದದ್ದಲ್ಲ, ಹಸಿ ಮಣ್ಣಿಗೆ ಒತ್ತಿದ್ದು. ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಸಂಖ್ಯೆ.

ಗುರಾಣಿಯೊಳಗೆ ಕಠಾರಿ ಹಿಡಿದ ತೋಳು, ಹಳೆಯ ಪಿಂಗಾಣಿ ಬಲ್ಲವರಿಗೆ ಚಿರಪರಿಚಿತ ಮುದ್ರೆ. ಜರ್ಮನಿಯ ಥುರಿಂಗಿಯಾ ಸೀಮೆಯ ಪ್ಯೋಸ್ನೆಕ್ ಎಂಬ ಊರಿನ 'ಕಾಂಟಾ ಮತ್ತು ಬ್ಯೋಮೆ' ಕಾರ್ಖಾನೆಯದು. ಹತ್ತೊಂಬತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ಆ ಕಾರ್ಖಾನೆ ಇಂಥ ಸಾವಿರಾರು ಪುಟ್ಟ ಡಬ್ಬಿ, ಪುಟ್ಟ ಬೊಂಬೆಗಳನ್ನು ಅಚ್ಚು ಹಾಕಿ ಇಂಗ್ಲೆಂಡಿಗೆ ಕಳಿಸುತ್ತಿತ್ತು. ಮುಚ್ಚಳದ ಮೇಲೆ ಕನ್ನಡಿ, ಗಡಿಯಾರ, ಮಗು, ಬೆಕ್ಕು, ಹಣ್ಣಿನ ಬುಟ್ಟಿ, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಅಲಂಕಾರ. ನಮ್ಮ ಮನೆಯಲ್ಲಿ ಕೆಲವರು ಬೆಲೆ ಎಂದೂ ಕೆಲವರು ತೂಕ ಎಂದೂ ಓದಿದ ಆ ನಾಲ್ಕು ಅಂಕಿ ಅಚ್ಚಿನ ಸಂಖ್ಯೆ. ಹಳೆಯ ವಸ್ತುಗಳ ತಳದಲ್ಲಿ ಕಾಣುವ ಇಂಥ ಅಂಕಿಗಳನ್ನು ಇಸವಿ ಎಂದುಕೊಂಡು ಮೋಸಹೋಗುವವರು ಬಹಳ. ಮಣ್ಣಿಗೆ ಒತ್ತಿದ ಸಂಖ್ಯೆ ಹೆಚ್ಚಿನ ಪಾಲು ಅಚ್ಚಿನದು, ಕುಂಚದಿಂದ ಬರೆದ ಸಂಖ್ಯೆ ಚಿತ್ರದ ನಮೂನೆಯದು ಅಥವಾ ಬಣ್ಣ ಹಾಕಿದ ಕೆಲಸಗಾರರದು.

ಈ ಡಬ್ಬಿಗಳಿಗೆ ಇಂಗ್ಲೆಂಡಿನಲ್ಲಿ ಇರುವ ಹೆಸರು ಕೇಳಿ ನನ್ನ ಮನಸ್ಸು ತುಂಬಿತು. 'ಫೇರಿಂಗ್' ಎನ್ನುತ್ತಾರೆ, ಎಂದರೆ ಜಾತ್ರೆಯ ವಸ್ತು. ಅಲ್ಲಿನ ಜಾತ್ರೆಗಳಲ್ಲಿ ಇವು ಅಗ್ಗಕ್ಕೆ ಮಾರಾಟವಾಗುತ್ತಿದ್ದವು, ಆಟಗಳಲ್ಲಿ ಗೆದ್ದವರಿಗೆ ಬಹುಮಾನವಾಗಿಯೂ ಸಿಗುತ್ತಿದ್ದವು. ನಮ್ಮಲ್ಲಿ ದೊಡ್ಡ ಜಾತ್ರೆಯ ದಿನ ಐದು ರಥ ಎಳೆದು ಮುಗಿದ ಮೇಲೆ ರಥಬೀದಿಯ ಅಂಗಡಿಗಳಲ್ಲಿ ಬಳೆ, ಟೇಪು, ಬಣ್ಣದ ಬುಟ್ಟಿ ಕೊಂಡುಕೊಂಡು ಬರುವುದಿಲ್ಲವೇ, ಮುಡುಕುತೊರೆಯ ಜಾತ್ರೆಯಿಂದ ಮಕ್ಕಳ ಕೈಗೆ ಒಂದು ಪೀಪಿ ಬರುವುದಿಲ್ಲವೇ, ಹಾಗೆಯೇ. ಅಜ್ಜಿ ಅರಮನೆಯದೆಂದು ಜೋಪಾನ ಮಾಡಿದ್ದು ಇನ್ನೊಂದು ದೇಶದ ಜಾತ್ರೆಯ ಸಾಮಾನು. ಇದರಿಂದ ಡಬ್ಬಿ ನನಗೆ ಸಣ್ಣದಾಗಲಿಲ್ಲ. ಜಾತ್ರೆಯ ವಸ್ತುವನ್ನು ನೂರು ವರ್ಷ ಒಡೆಯದೆ ಇಟ್ಟುಕೊಂಡ ಹೆಂಗಸರ ಕೈ ಎಂಥದು ಎಂಬ ಗೌರವ ಹೆಚ್ಚಿತು.

ಕಾಲ ಗೊತ್ತುಮಾಡಲು ತಳದಲ್ಲಿ ಇರುವುದರಷ್ಟೇ ಇಲ್ಲದಿರುವುದೂ ಸಹಾಯಕ್ಕೆ ಬರುತ್ತದೆ. ನಮ್ಮ ಡಬ್ಬಿಯ ತಳದಲ್ಲಿ ದೇಶದ ಹೆಸರಿಲ್ಲ. ಬ್ರಿಟನ್ 1887ರಲ್ಲಿ ಸರಕುಗಳ ಗುರುತಿನ ಬಗ್ಗೆ ಕಾಯಿದೆ ತಂದಿತು. ಹುಟ್ಟಿದ ಊರಿನ ವಿಷಯದಲ್ಲಿ ಸುಳ್ಳು ಗುರುತು ಹಾಕುವುದನ್ನು ತಡೆಯುವುದು ಅದರ ಒಂದು ಉದ್ದೇಶ. ಅದೇ ಬಗೆಯ ಕಾಯಿದೆ 1889ರಲ್ಲಿ ಇಂಡಿಯಾಕ್ಕೂ ಬಂತು. ಅಮೆರಿಕ 1890ರಲ್ಲಿ ಒಂದು ಸುಂಕದ ಕಾಯಿದೆ ಮಾಡಿ, 1891ರಿಂದ ತನ್ನ ದೇಶಕ್ಕೆ ಬರುವ ಸರಕಿನ ಮೇಲೆ ಹುಟ್ಟಿದ ದೇಶದ ಹೆಸರು ಇರಲೇಬೇಕು ಎಂದಿತು. ಅಲ್ಲಿಂದ ಮುಂದೆ 'ಜರ್ಮನಿ', 'ಬವೇರಿಯಾ', 'ಆಸ್ಟ್ರಿಯಾ', 'ನಿಪ್ಪಾನ್' ಎಂಬ ಹೆಸರುಗಳು ತಳಗಳಲ್ಲಿ ಕಾಣಿಸಿಕೊಂಡವು. ಮುದ್ರೆಯಿದ್ದು ದೇಶದ ಹೆಸರಿಲ್ಲದಿದ್ದರೆ ವಸ್ತು 1891ಕ್ಕಿಂತ ಹಿಂದಿನದು ಇರಬಹುದು ಎಂದು ಊಹಿಸಲು ಒಂದು ಆಧಾರ ಸಿಕ್ಕಿತು. ಪೂರ್ತಿ ಪುರಾವೆ ಅಲ್ಲ. ಅಮೆರಿಕಕ್ಕೆ ಹೋಗದ ಸರಕಿಗೆ ಆ ನಿಯಮದ ಹಂಗಿರಲಿಲ್ಲ, ಕಾಗದದ ಚೀಟಿ ಅಂಟಿಸಿದ್ದು ಉದುರಿಹೋಗಿರಲೂಬಹುದು.

ನಮ್ಮ ಊರಿನ ಲೆಕ್ಕದಲ್ಲೂ 1891 ದೊಡ್ಡ ವರ್ಷ. ಮದ್ರಾಸಿನ ಬಂದರಿನ ಕಡೆಯಿಂದ ಬೆಂಗಳೂರು ದಂಡಿಗೆ ರೈಲು ಬಂದದ್ದು 1864ರಲ್ಲಿ. ಬೆಂಗಳೂರಿನಿಂದ ಮೈಸೂರಿಗೆ 1882ರಲ್ಲಿ. ಮೈಸೂರಿನಿಂದ ನಂಜನಗೂಡಿಗೆ 1891ರಲ್ಲಿ, ದಳವಾಯಿಗಳ ಕಾಲದಲ್ಲಿ, 1735ರಲ್ಲಿ, ಕಪಿಲೆಗೆ ಕಟ್ಟಿದ ಕಲ್ಲು ಸೇತುವೆಯ ಮೇಲೆಯೇ ಹಳಿ ಹಾಕಿಕೊಂಡು. ಸುಲಭಕ್ಕೆ ಒಡೆಯುವ ವಸ್ತು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿ ಕಡಲು ದಾಟಿ ಮೈಸೂರಿನ ಅಂಗಡಿ ತಲುಪಲು ಆ ಹೊತ್ತಿಗೆ ದಾರಿ ಸಿದ್ಧವಾಗಿತ್ತು. ಈ ಲೆಕ್ಕವನ್ನೆಲ್ಲ ನಮ್ಮ ಸೋದರಮಾವನ ಮುಂದೆ ಇಟ್ಟಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಜ್ಜಿ ಹೇಳ್ತಿದ್ದದ್ದು ಬೇರೆ ಕಣಮ್ಮ. ಅರಮನೆ ಎದುರಿಗಿನ ಅಂಗಡೀಲಿ ತಂದದ್ದು ಅಂತಿದ್ರು" ಎಂದರು. ಬಾಯಿಂದ ಬಾಯಿಗೆ ಹೋಗುವಾಗ ಅಂಗಡಿ ಬಿದ್ದುಹೋಗಿ ಅರಮನೆ ಉಳಿದಿತ್ತು.

ಪಿಂಗಾಣಿ ಎಂಬ ನಮ್ಮ ಪದವೂ ದೂರದಿಂದ ಬಂದದ್ದೇ. ಬಟ್ಟಲು ಎಂಬ ಅರ್ಥದ ಪರ್ಷಿಯನ್ 'ಪಿಂಗಾನ್' ಅದರ ಮೂಲ. ಬಂದ ಪದ ನಮ್ಮಲ್ಲಿ ಅಗಲವಾಗಿ ಹರಡಿಕೊಂಡಿತು. ಮೆರುಗಿರುವ, ಬಿಳಿಯ, ಒಡೆಯುವ ವಸ್ತುವೆಲ್ಲ ನಮಗೆ ಪಿಂಗಾಣಿ. ಉಪ್ಪಿನಕಾಯಿಯ ಕಂದು-ಬಿಳಿ ಜಾಡಿ, ನಂಜನಗೂಡಿನ ವೈದ್ಯರ ಮನೆಗಳಲ್ಲಿ ಲೇಹ್ಯ ತುಂಬಿಡುತ್ತಿದ್ದ ದಪ್ಪ ಭರಣಿ, ಇವನ್ನೂ ಹಾಗೇ ಕರೆಯುತ್ತೇವೆ. ವಸ್ತು ಬಲ್ಲವರು ಒಪ್ಪುವುದಿಲ್ಲ. ಜಾಡಿಯ ಮಣ್ಣು ಬೇರೆ, ಗಟ್ಟಿ, ಬೆಳಕು ಹಾಯುವುದಿಲ್ಲ. ನಿಜವಾದ ಪಿಂಗಾಣಿಗೆ ಬೇಕಾದದ್ದು ಕೇಯೊಲಿನ್ ಎಂಬ ಬಿಳಿ ಜೇಡಿ. ಮೇಲುಕೋಟೆಯ ನಾಮದ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿದವರಿಗೆ ಬಿಳಿ ಜೇಡಿಯ ನುಣುಪು ಎಂಥದು ಗೊತ್ತು. ಅದಕ್ಕೆ ಬೆಣಚು, ಫೆಲ್ಡ್‌ಸ್ಪಾರ್ ಎಂಬ ಕಲ್ಲಿನ ಪುಡಿ ಸೇರಿಸಿ 1300ರಿಂದ 1400 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಡಬೇಕು. ಕುಂಬಾರರ ಆವಿಗೆಯ ಬೆಂಕಿ ಸಾಮಾನ್ಯವಾಗಿ ಸಾವಿರ ಡಿಗ್ರಿಯ ಒಳಗೇ ಉಳಿಯುತ್ತದೆ. ಆ ಹೆಚ್ಚಿನ ಬೆಂಕಿಯಲ್ಲಿ ಕಲ್ಲಿನ ಪುಡಿ ಕರಗಿ ಗಾಜಾಗಿ ಮಣ್ಣಿನ ಸಂದುಗಳನ್ನೆಲ್ಲ ತುಂಬುತ್ತದೆ. ಅದಕ್ಕೇ ಪಿಂಗಾಣಿ ನೀರು ಹೀರುವುದಿಲ್ಲ, ತಟ್ಟಿದರೆ ಗಂಟೆಯಂತೆ ನುಡಿಯುತ್ತದೆ. ಚೀನೀಯರು ಸಾವಿರ ವರ್ಷಕ್ಕೂ ಮಿಕ್ಕಿ ಬಲ್ಲ ಈ ವಿದ್ಯೆ ಯೂರೋಪಿಗೆ ಒಲಿದದ್ದು ಹದಿನೆಂಟನೆಯ ಶತಮಾನದ ಮೊದಲಿಗೆ. ಚಿನ್ನ ಮಾಡಿಕೊಡುತ್ತೇನೆಂದು ಹೇಳಿ ಸ್ಯಾಕ್ಸನಿಯ ದೊರೆಯ ಸೆರೆಯಲ್ಲಿದ್ದ ಬ್ಯೋಟ್ಗರ್ ಎಂಬ ರಸವಾದಿ, ಚಿರ್ನ್‌ಹೌಸ್ ಎಂಬ ವಿದ್ವಾಂಸನ ಜೊತೆ ಸೇರಿ ಪಿಂಗಾಣಿಯ ಗುಟ್ಟು ಬಿಡಿಸಿದ. 1710ರಲ್ಲಿ ಮೈಸೆನ್ ಕಾರ್ಖಾನೆ ಶುರುವಾಯಿತು.

ಮನೆಯಲ್ಲೇ ಪರೀಕ್ಷಿಸುವವರು ಮೊಬೈಲಿನ ಟಾರ್ಚನ್ನು ಡಬ್ಬಿಯ ಒಳಗೆ ಹಿಡಿಯಲಿ. ತೆಳುವಾದ ಕಡೆ ಬೆಳಕು ಹಾಲಿನ ಹಾಗೆ ಹೊರಗೆ ಮೂಡಿದರೆ ಪಿಂಗಾಣಿ. ಮೆರುಗಿಲ್ಲದ ತಳದ ಅಂಚನ್ನು ಶುಚಿ ಮಾಡಿ ನಾಲಿಗೆ ತುದಿಗೆ ತಾಗಿಸಿದರೆ ಮಣ್ಣಿನ ವಸ್ತು ಅಂಟಿಕೊಳ್ಳುತ್ತದೆ, ಪಿಂಗಾಣಿ ಅಂಟುವುದಿಲ್ಲ. ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಬೇಕು. ಸಾಲುಸಾಲಾಗಿ ಸಣ್ಣ ಚುಕ್ಕಿಗಳು ಕಂಡರೆ ಅದು ಅಚ್ಚಾದ ಕಾಗದದಿಂದ ಇಳಿಸಿದ ಚಿತ್ರ. ಕುಂಚದ ಎಳೆ, ಬಣ್ಣ ಒಂದೆಡೆ ದಪ್ಪವಾಗಿ ಇನ್ನೊಂದೆಡೆ ತೆಳುವಾಗಿ ಹರಿದದ್ದು ಕಂಡರೆ ಕೈಕೆಲಸ. ಅಜ್ಜಿಯ ಡಬ್ಬಿಯ ಗಡಿಯಾರದಲ್ಲಿ ಎರಡು ಮುಳ್ಳುಗಳನ್ನು ಯಾರೋ ಅವಸರದಲ್ಲಿ ಎಳೆದಿದ್ದಾರೆ, ಒಂದು ಮುಳ್ಳು ಚೌಕಟ್ಟು ದಾಟಿ ಹೊರಗೆ ಬಂದಿದೆ. ಪ್ಯೋಸ್ನೆಕ್ಕಿನ ಯಾವ ಕೆಲಸಗಾರನೋ ಕೆಲಸಗಾರ್ತಿಯೋ, ಆ ದಿನದ ಎಷ್ಟನೆಯ ಡಬ್ಬಿಯೋ. ಆ ತಪ್ಪು ಗೆರೆಯ ಮೇಲೆ ನನ್ನ ಕಣ್ಣು ಪ್ರತಿ ಸಲ ನಿಲ್ಲುತ್ತದೆ.

ನಮ್ಮ ಮನೆಗಳಿಗೆ ಪಿಂಗಾಣಿ ತಟ್ಟೆ, ಕಪ್ಪುಗಳಿಗಿಂತ ಮೊದಲು ಡಬ್ಬಿ ಹೇಗೆ ಬಂತು ಎಂಬುದಕ್ಕೂ ಒಂದು ಕಾರಣ ಕಾಣುತ್ತದೆ. ಮಡಿಯ ಅಡುಗೆಮನೆಯಲ್ಲಿ ಹಿತ್ತಾಳೆ, ಕಂಚು, ಬೆಳ್ಳಿಗೆ ಜಾಗ. ಬೆಳಗಿ ತೊಳೆದರೆ ಅವು ಶುದ್ಧ. ವಿಲಾಯತಿ ಕಪ್ಪಿನಲ್ಲಿ ಕಾಫಿ ಕುಡಿಯುವುದನ್ನು ನಮ್ಮ ಅಜ್ಜಿ ಕೊನೆಯವರೆಗೂ ಒಪ್ಪಲಿಲ್ಲ. ಉಪ್ಪಿನಕಾಯಿ ಜಾಡಿಗೆ ಮಾತ್ರ ರಿಯಾಯಿತಿ, ಹುಳಿಗೆ ಲೋಹ ಆಗದು ಎಂಬ ಕಾರಣಕ್ಕೆ. ಎಂಜಲಿಗೆ ಸೇರದ, ಅಡುಗೆಗೆ ತಾಗದ ಡಬ್ಬಿ ಯಾವ ತಕರಾರೂ ಇಲ್ಲದೆ ಕನ್ನಡಿಯ ಪಕ್ಕದಲ್ಲಿ ನೆಲೆಸಿತು. ದಸರೆ ಬಂದರೆ ಬೊಂಬೆಗಳ ಸಾಲಿನಲ್ಲಿ ಪಟ್ಟದ ಬೊಂಬೆಗಳ ಕೆಳಗೆ ಅದಕ್ಕೂ ಒಂದು ಮೆಟ್ಟಿಲು.

ಎರಡನೆಯ ಡಬ್ಬಿ ನೋಡಿದ್ದು ಟಿ. ನರಸೀಪುರದಲ್ಲಿ, ನಮ್ಮ ದೊಡ್ಡಮ್ಮನ ಮನೆಯಲ್ಲಿ. ನಂಜನಗೂಡಿನಲ್ಲಿ ಮೆಟ್ಟಿಲು ತೊಳೆದ ಕಪಿಲೆ ಕಾವೇರಿಯನ್ನು ಕೂಡುವ ಊರು ಅದು. ಅದೇ ಊರಿನ ಹೊಳೆದಂಡೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು ಅಗೆಸಿ ನವಶಿಲಾಯುಗದ ನೆಲೆಯನ್ನು ಬೆಳಕಿಗೆ ತಂದರು. ಅದರ ವರದಿ 1971ರಲ್ಲಿ ಪ್ರಕಟವಾಯಿತು. ಅಲ್ಲಿ ಸಿಕ್ಕ ವಸ್ತುಗಳಲ್ಲಿ ಸುಟ್ಟ ಮಣ್ಣಿನ ತಲೆದಿಂಬು ಬಹಳ ಹೆಸರಾದದ್ದು. ಮಡಕೆಯ ಚೂರಿಗೆ ಹೇಳಿಕೆ ಕೊಡುವ ಅಜ್ಜಿ ಇರುವುದಿಲ್ಲ. ಉತ್ಖನನ ಮಾಡುವವರು ಒಡೆದ ಅಂಚು, ಮಣ್ಣಿನ ಬಣ್ಣ, ಬೆಂಕಿ ತಾಗಿದ ಪರಿ ನೋಡಿಯೇ ಕಾಲ ಹೇಳುತ್ತಾರೆ. ದೊಡ್ಡಮ್ಮನ ಡಬ್ಬಿಯ ಮುಚ್ಚಳದ ಮೂಲೆ ಚೂರು ಒಡೆದಿತ್ತು. ಒಡೆದ ಜಾಗವನ್ನು ಬೆಳಕಿಗೆ ಹಿಡಿದೆ. ಕಣಕಣವಾಗಿರಲಿಲ್ಲ, ಶಂಖದ ಒಳಮೈ ಹಾಗೆ ನುಣ್ಣಗೆ, ಬೆಳ್ಳಗೆ ಇತ್ತು. ಪಿಂಗಾಣಿಯೇ.

ದುಂಡನೆಯ ಡಬ್ಬಿ, ಮುಚ್ಚಳದ ಹಿಡಿಗೆ ಒಂದು ಹಕ್ಕಿ. ಮೈತುಂಬ ತೆಳುವಾದ ಕಿತ್ತಳೆ ಬಣ್ಣ. ಓರೆ ಮಾಡಿದರೆ ಪಾರಿವಾಳದ ಕೊರಳಿನಂತೆ ನೀಲಿ, ಹಸಿರು ಮಿಂಚುತ್ತದೆ. ಮೆರುಗಿನ ಮೇಲೆ ಲೋಹದ ತೆಳು ಪೊರೆ ಕೂರಿಸಿ ಮತ್ತೆ ಸುಟ್ಟಾಗ ಬರುವ ಹೊಳಪು ಅದು. ತಳದಲ್ಲಿ ಕೆಂಪು ಅಕ್ಷರ: 'ಮೇಡ್ ಇನ್ ಜಪಾನ್'. ಇಲ್ಲಿ ಕಾಲ ಹೇಳುವುದು ಇನ್ನೂ ಸುಲಭ. 1891ರಿಂದ 1921ರವರೆಗೆ ಜಪಾನಿನ ಸರಕಿನ ಮೇಲೆ ಸಾಮಾನ್ಯವಾಗಿ 'ನಿಪ್ಪಾನ್' ಎಂದಿರುತ್ತಿತ್ತು. ಆಮೇಲೆ 'ಜಪಾನ್' ಎಂದಾಯಿತು. ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನು 1952ರವರೆಗೆ ಪರರ ಆಡಳಿತದಲ್ಲಿದ್ದ ದಿನಗಳಲ್ಲಿ 'ಆಕ್ಯುಪೈಡ್ ಜಪಾನ್' ಎಂಬ ಮುದ್ರೆಯೂ ಬಂತು. 1914ರ ಯುದ್ಧ ಜರ್ಮನಿಯ ಸರಕನ್ನು ನಿಲ್ಲಿಸಿದಾಗ ಆ ಜಾಗಕ್ಕೆ ಜಪಾನು ನುಗ್ಗಿತು, 1930ರ ದಶಕದಲ್ಲಂತೂ ನಮ್ಮ ಪೇಟೆಗಳು ಜಪಾನಿನ ಅಗ್ಗದ ಸಾಮಾನಿನಿಂದ ತುಂಬಿದ್ದವು. 1941ರ ಕೊನೆಗೆ ಆ ದಾರಿಯೂ ಮುಚ್ಚಿತು. ದೊಡ್ಡಮ್ಮನ ಡಬ್ಬಿ ಈ ಇಪ್ಪತ್ತು ವರ್ಷದ ನಡುವಿನದು ಎನ್ನಲು ನನಗೆ ಅಳುಕಿಲ್ಲ.

"ಮಾವನವರು ದಸರಾ ವಸ್ತುಪ್ರದರ್ಶನದಲ್ಲಿ ತಂದದ್ದು ಅಂತ ಅತ್ತೆ ಹೇಳೋರು" ಎಂದರು ದೊಡ್ಡಮ್ಮ. ಮೈಸೂರಿನ ದಸರಾ ವಸ್ತುಪ್ರದರ್ಶನ ಆರಂಭವಾದದ್ದು ಅದಕ್ಕೂ ಮೊದಲೇ. ಕಾಲ ಹೊಂದುತ್ತದೆ. ನಾನು ಹಾಗೆಂದಾಗ ಅವರ ಮುಖ ಅರಳಿತು. "ಹಾಗಾದ್ರೆ ಅತ್ತೆ ಹೇಳಿದ್ದು ನಿಜ. ಎರಡು ತಂದಿದ್ರಂತೆ ಕಣೇ, ಇನ್ನೊಂದು ನಮ್ಮ ನಾದಿನಿ ಹತ್ರ ಇದೆ. ಅದರ ಹಕ್ಕಿ ಮುರಿದುಹೋಗಿದೆ" ಎಂದರು. ಜೊತೆ ಡಬ್ಬಿಗಳು ಒಂದೇ ಮನೆಯಿಂದ ಎರಡು ಮನೆಗೆ ಹಂಚಿಹೋದ ಸಂಗತಿ ಯಾವ ತಳದಲ್ಲೂ ಬರೆದಿರುವುದಿಲ್ಲ. ಅದನ್ನು ದೊಡ್ಡಮ್ಮನೇ ಹೇಳಬೇಕಿತ್ತು.

ಅರಮನೆಯ ಪಿಂಗಾಣಿ ಎಂಬುದು ಮೈಸೂರು ಸೀಮೆಯಲ್ಲಿ ಬರಿಯ ಬಾಯಿಮಾತೂ ಅಲ್ಲ. ಟಿಪ್ಪು ಸುಲ್ತಾನ್ ಫ್ರಾನ್ಸಿಗೆ ಕಳಿಸಿದ ಮೂವರು ರಾಯಭಾರಿಗಳು 1788ರ ಆಗಸ್ಟ್ 10ರಂದು ವರ್ಸೈ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಪ್ಯಾರಿಸ್ಸಿನ ಹತ್ತಿರದ ಸೆವ್ರ್‌ನಲ್ಲಿದ್ದ ರಾಜನ ಪಿಂಗಾಣಿ ಕಾರ್ಖಾನೆಯನ್ನೂ ನೋಡಿದರು. ಸೈನ್ಯದ ನೆರವಿನ ಜೊತೆಗೆ ಟಿಪ್ಪು ಕೇಳಿ ಕಳಿಸಿದ್ದ ಕುಶಲಕರ್ಮಿಗಳಲ್ಲಿ ಪಿಂಗಾಣಿ ಮಾಡುವವರೂ ಇದ್ದರು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ವಸ್ತುವನ್ನು ಕೊಂಡರೆ ಸಾಲದು, ವಿದ್ಯೆಯೇ ಶ್ರೀರಂಗಪಟ್ಟಣಕ್ಕೆ ಬರಬೇಕು ಎಂದು ಬಯಸಿದ ದೊರೆ ಆತ. ಸೈನ್ಯ ಬರಲಿಲ್ಲ, ಪಿಂಗಾಣಿಯ ಉಡುಗೊರೆ ಬಂತು. ಲೂಯಿ ಟಿಪ್ಪುವಿಗೆ ಕೊಟ್ಟದ್ದೆಂದು ಹೇಳುವ ಸೆವ್ರ್ ಪಿಂಗಾಣಿ ಇವತ್ತು ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿದೆ. ಮೈಸೂರಿನಲ್ಲೇ ನೋಡಬೇಕೆನ್ನುವವರು ಜಗನ್ಮೋಹನ ಅರಮನೆಗೆ ಹೋಗಲಿ. 1861ರಲ್ಲಿ ಕಟ್ಟಿ, 1915ರಲ್ಲಿ ಚಿತ್ರಶಾಲೆಯಾದ ಆ ಕಟ್ಟಡದಲ್ಲಿ ರವಿವರ್ಮನ ಚಿತ್ರಗಳ ಜೊತೆ ಪಿಂಗಾಣಿಯೂ ಇದೆ.

ದೊಡ್ಡ ಹೆಸರಿನ ಮುದ್ರೆ ಕಂಡಾಗ ಹಿಗ್ಗುವ ಮೊದಲು ನಿಧಾನಿಸಬೇಕು. ಸೆವ್ರ್‌ನ ಹೆಣೆದುಕೊಂಡ ಎರಡು 'ಎಲ್' ಅಕ್ಷರ, ಮೈಸೆನ್ನಿನ ಅಡ್ಡಡ್ಡ ಎರಡು ಕತ್ತಿ, ಇವೆರಡನ್ನೂ ನಕಲು ಮಾಡಿದಷ್ಟು ಬೇರೆ ಯಾವುದನ್ನೂ ಮಾಡಿಲ್ಲ ಎನ್ನಬಹುದು. 'ಲಿಮೋಜ್' ಎಂದು ಬರೆದಿದ್ದರೆ ಅದು ಒಂದು ಕಾರ್ಖಾನೆಯ ಹೆಸರಲ್ಲ, ಫ್ರಾನ್ಸಿನ ಒಂದು ಊರಿನ ಹೆಸರು; ಅಲ್ಲಿ ಕಾರ್ಖಾನೆಗಳು ಹಲವು. ಹಿತ್ತಾಳೆ ಪಟ್ಟಿ, ತಿರುಗಣಿ ಇರುವ ಲಿಮೋಜ್ ಡಬ್ಬಿಗಳನ್ನು ಇವತ್ತಿಗೂ ಮಾಡುತ್ತಾರೆ. ಮುದ್ರೆಯೊಂದನ್ನೇ ನಂಬಬಾರದು, ಮಣ್ಣು, ಮೆರುಗು, ಸವೆತ ಮೂರೂ ಅದರ ಮಾತಿಗೆ ಹೂಂಗುಟ್ಟಬೇಕು. ನಿಜವಾಗಿ ಹಳೆಯದಾದರೆ ಚಿನ್ನ ಸವೆಯುವುದು ಬೆರಳು ತಾಗುವ ಕಡೆ, ತಳ ಗೀಚುವುದು ನೆಲಕ್ಕೆ ತಾಗುವ ಅಂಚಿನಲ್ಲಿ. ಎಲ್ಲ ಕಡೆ ಒಂದೇ ಸಮನೆ ಹಳೆಯದಾಗಿ ಕಂಡರೆ ಅನುಮಾನ ಪಡಬೇಕು.

ಬೆಲೆ ಎಷ್ಟು ಎಂದು ಕೇಳುವವರಿಗೆ ನೇರವಾಗಿ ಹೇಳುತ್ತೇನೆ: ನಮ್ಮೆರಡು ಡಬ್ಬಿಗಳ ಬಗೆಯವು ಲೋಕದಲ್ಲಿ ಬಹಳ ಉಳಿದಿವೆ, ದೊಡ್ಡ ಹಣ ಬರುವುದಿಲ್ಲ. ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವ ಯೋಚನೆಯಿದ್ದರೆ ಒಂದು ಮಾತು ನೆನಪಿರಲಿ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ.

ಹಬ್ಬದ ಮುಂಚೆ ಮನೆ ತೊಳೆಯುವಾಗಲೇ ಇಂಥವು ಹೆಚ್ಚು ಹಾಳಾಗುವುದು. ಹಿತ್ತಾಳೆ ಪಾತ್ರೆಯ ಜೊತೆ ಹುಣಸೆಹಣ್ಣು, ಸಬೀನ ಹಾಕಿ ತಿಕ್ಕಿದರೆ ಚಿನ್ನದ ಗೆರೆ ಒಂದೇ ದಿನದಲ್ಲಿ ಹೋಗುತ್ತದೆ. ಆ ಚಿನ್ನ ಮೆರುಗಿನ ಮೇಲೆ ಕೂತಿರುವ ತೆಳು ಪದರ, ಒಳಗೆ ಇಳಿದದ್ದಲ್ಲ. ನೀರಿನಲ್ಲಿ ನೆನೆಹಾಕಬೇಡಿ. ಮುಚ್ಚಳದ ಬೊಂಬೆಗಳು ಒಳಗೆ ಟೊಳ್ಳು. ಸಣ್ಣ ತೂತಿನಿಂದ ನೀರು ಹೊಕ್ಕರೆ ಹೊರಬರುವುದು ಕಷ್ಟ. ಒದ್ದೆ ಹತ್ತಿ, ಮೆತ್ತನೆ ಬಟ್ಟೆ ಸಾಕು. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು, ಅದರಿಂದ ಅಡಕೆಯೋ ಏಲಕ್ಕಿಯೋ, ತಿನ್ನುವ ಯಾವುದನ್ನೂ ಅದರಲ್ಲಿಡಬೇಡಿ.

ಅಜ್ಜಿಯ ಡಬ್ಬಿಯಲ್ಲಿ ಈಗ ಮೂಗುಬೊಟ್ಟಿನ ತಿರುಪಿನ ಜೊತೆ ನಾನು ಬರೆದಿಟ್ಟ ಒಂದು ಚೀಟಿ ಇದೆ. ಯಾರಿಂದ ಯಾರಿಗೆ ಬಂತು, ಏನೇನು ಇಡುತ್ತಿದ್ದರು, ಅರಮನೆ ಎದುರಿನ ಅಂಗಡಿಯ ಬಗ್ಗೆ ಸೋದರಮಾವ ಹೇಳಿದ್ದೇನು, ಎಲ್ಲವೂ ಅದರಲ್ಲಿದೆ. ನಿಮ್ಮ ಮನೆಯ ಗೂಡಿನಲ್ಲೂ ಇಂಥದೊಂದು ಡಬ್ಬಿ ಇದ್ದರೆ ಈ ಭಾನುವಾರ ಕೆಳಗಿಳಿಸಿ, ಮುಚ್ಚಳವನ್ನು ಬೇರೆ ತೆಗೆದಿಟ್ಟು, ಮೆತ್ತನೆಯ ಟವೆಲಿನ ಮೇಲೆ ಬೋರಲು ಹಾಕಿ ತಳ ನೋಡಿ. ನೋಡುವಾಗ ಮನೆಯ ಹಿರಿಯರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ.